ಕೊಲೆಗಾರನ ತಪ್ಪೊಪ್ಪಿಗೆ ಚರಿತ್ರೆಗೆ ಆಕರವಾಗಬಲ್ಲುದೆ?

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಆಧುನಿಕ ಚರಿತ್ರೆಯಲ್ಲಿ ಕುಪ್ರಸಿದ್ಧರಾದ ಕೊಲೆಗಾರರನ್ನು ಕುರಿತು ಹೊರಬಂದಿರುವ ಗ್ರಂಥಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಬಹುಪಾಲು ಜನರಂಜನೆಗೆಂದೇ ಬರೆದವಾದುದರಿಂದ ಚರಿತ್ರಕಾರರು ಅತ್ತ ಕಣ್ಣೆತ್ತಿ ನೋಡುವುದು ವಿರಳ. ಈ ಉಪೇಕ್ಷೆ ಉಚಿತವಲ್ಲವೆಂದು ನಮ್ಮ ಅಭಿಪ್ರಾಯ. ಕೊಲೆಗೀಡಾದವರ ಸಂಖ್ಯೆಯೆಂದು ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬರುವ ಅಂಕಿಯು ಅನೇಕ ವೇಳೆ ಒಂದೇ ಆಕರದ ಮೇಲೆ ನಿಂತಿರುತ್ತದೆ. ಆ ಆಕರವಾದರೋ ಕೊಲೆಗಾರನ ಸ್ವಂತ ತಪ್ಪೊಪ್ಪಿಗೆ. ಅದನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಮೂರು ಪ್ರಕರಣಗಳ ಆಧಾರದಿಂದ ಇಲ್ಲಿ ಪರಿಶೀಲಿಸುತ್ತೇವೆ.

ಎಚ್. ಎಚ್. ಹೋಮ್ಸ್ ಎಂದು ಹೆಸರಾದವನ ನಿಜನಾಮ ಹರ್ಮನ್ ವೆಬ್‌ಸ್ಟರ್ ಮಜೆಟ್. 1861ರಲ್ಲಿ ನ್ಯೂ ಹ್ಯಾಂಪ್‌ಷೈರಿನಲ್ಲಿ ಹುಟ್ಟಿ, 1884ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ವೈದ್ಯಪದವಿಯನ್ನು ಪಡೆದ ಈತನು ಷಿಕಾಗೋ ನಗರದ ಎಂಗಲ್‌ವುಡ್ ಭಾಗದಲ್ಲಿ ಔಷಧದಂಗಡಿ ನಡೆಸುತ್ತ ಅಲ್ಲಿಯೇ ದೊಡ್ಡದೊಂದು ಕಟ್ಟಡವನ್ನು ಕಟ್ಟಿಸಿದನು. 1893ರ ಮಹಾಪ್ರದರ್ಶನಕ್ಕೆಂದು ಷಿಕಾಗೋಗೆ ಬಂದವರನ್ನು ಈ ಕಟ್ಟಡದ ಗುಪ್ತ ಕೊಠಡಿಗಳಲ್ಲಿ ನೂರಾರು ಸಂಖ್ಯೆಯಲ್ಲಿ ಕೊಂದನೆಂಬ ಕಥೆ ಇಂದಿಗೂ ಪ್ರಚಾರದಲ್ಲಿದೆ. ಆದರೆ ನ್ಯಾಯಾಲಯದಲ್ಲಿ ಸಿದ್ಧವಾದುದು ಒಂದೇ ಕೊಲೆ: 1894ರಲ್ಲಿ ಫಿಲಡೆಲ್ಫಿಯದಲ್ಲಿ, ಜೀವವಿಮೆಯ ಹಣಕ್ಕಾಗಿ ನಡೆದ, ಅವನ ಸಹಚರ ಬೆಂಜಮಿನ್ ಪಿಟ್ಜೆಲನ ಕೊಲೆ.

ಪಿಟ್ಜೆಲನ ಮೂವರು ಮಕ್ಕಳನ್ನು ಹೋಮ್ಸನು ಊರಿಂದೂರಿಗೆ ಕರೆದುಕೊಂಡು ತಿರುಗಿದ್ದನು. 1894ರ ನವೆಂಬರಿನಲ್ಲಿ ಬಾಸ್ಟನ್ನಿನಲ್ಲಿ ಅವನು ಸೆರೆಸಿಕ್ಕಾಗ ಮಕ್ಕಳು ಜತೆಯಲ್ಲಿರಲಿಲ್ಲ. ಆ ಮಕ್ಕಳು ಮನೆಯವರಿಗೆ ಬರೆದ ಕಾಗದಗಳು ಮಾತ್ರ ಅಂಚೆಗೆ ಬೀಳದೆ ಅವನ ಬಳಿಯೇ ಉಳಿದಿದ್ದವು. ಮುಂದಿನ ಬೇಸಗೆಯಲ್ಲಿ ಫ್ರಾಂಕ್ ಗೈಯರ್ ಎಂಬ ಪತ್ತೇದಾರನು ಆ ಕಾಗದಗಳ ಜಾಡು ಹಿಡಿದು ಹೊರಟನು. ಹೋಟೆಲುಗಳ ದಾಖಲೆ ಪುಸ್ತಕಗಳನ್ನು ತಿರುವಿಹಾಕುತ್ತ, ಬಾಡಿಗೆ ಮನೆಗಳ ದಲ್ಲಾಳಿಗಳಿಗೆ ಭಾವಚಿತ್ರಗಳನ್ನು ತೋರಿಸುತ್ತ, ಕಡೆಗೆ ಟೊರಾಂಟೋ ನಗರದ ಮನೆಯೊಂದರ ನೆಲಮಾಳಿಗೆಯಲ್ಲಿ ಇಬ್ಬರು ಹುಡುಗಿಯರ ಶವಗಳನ್ನೂ, ಇಂಡಿಯಾನಪೊಲಿಸ್ ಬಳಿಯ ಇನ್ನೊಂದು ಮನೆಯಲ್ಲಿ ಹುಡುಗನ ಅವಶೇಷಗಳನ್ನೂ ಕಂಡುಹಿಡಿದನು. ಹೋಮ್ಸನ ವಿಷಯದಲ್ಲಿ ನಮಗೆ ನಿಶ್ಚಯವಾಗಿ ತಿಳಿದಿರುವುದರಲ್ಲಿ ಹೆಚ್ಚಿನ ಅಂಶವು ಹೀಗೆ ಮಕ್ಕಳ ಕಾಗದಗಳಿಂದಲೂ ಹೋಟೆಲಿನ ಪುಸ್ತಕಗಳಿಂದಲೂ ಬಂದುದೇ ಹೊರತು ಅವನ ಬಾಯಿಂದ ಬಂದುದಲ್ಲ.

ಅವನ ಬಾಯಿಂದ ಬಂದುದೇನು? 1896ರ ಏಪ್ರಿಲಿನಲ್ಲಿ ಪತ್ರಿಕೆಗಳಲ್ಲಿ ಅಚ್ಚಾದ ತಪ್ಪೊಪ್ಪಿಗೆಯಲ್ಲಿ ಅವನು 27 ಕೊಲೆಗಳನ್ನು ಎಣಿಸಿದನು. ಹಾಗೆ ಸತ್ತರೆಂದು ಹೇಳಲ್ಪಟ್ಟವರಲ್ಲಿ ಕೆಲವರು ಆಗ್ಗೆ ಬದುಕಿದ್ದರು! ಅದೇ ವರ್ಷ ಮೇ 7ರಂದು ಗಲ್ಲಿನ ಕಟ್ಟೆಯ ಮೇಲೆ ನಿಂತು ಅದೆಲ್ಲವನ್ನೂ ನಿರಾಕರಿಸಿ, ಇಬ್ಬರು ಸ್ತ್ರೀಯರ ಮರಣಕ್ಕೆ ಮಾತ್ರ ತಾನು ಕಾರಣನೆಂದು ಹೇಳಿದನು. ಇಷ್ಟಾದರೂ ಅಂಕಿ ಬೆಳೆಯುತ್ತಲೇ ಹೋಯಿತು. 1940ರಲ್ಲಿ ಹರ್ಬರ್ಟ್ ಆಸ್ಬರಿಯು ಷಿಕಾಗೋದ ಅಪರಾಧಲೋಕವನ್ನು ಕುರಿತು ಬರೆದ ಗ್ರಂಥದ ಕಾಲದಿಂದೀಚೆಗೆ ಇನ್ನೂರರ ಮಾತು ಬಳಕೆಗೆ ಬಂದಿತು. ತಾಮ್ರಪಟಗಳಲ್ಲಿ ಕೂಟಶಾಸನಗಳನ್ನು ಬೇರ್ಪಡಿಸಿ ಬಲ್ಲ ನಮ್ಮ ಓದುಗರಿಗೆ ಇದು ಅಪರಿಚಿತವಾದ ವ್ಯಾಪಾರವೇನೂ ಅಲ್ಲ.

ಹೋಮ್ಸನ ಸುಳ್ಳಿನಿಂದ ಕೆಟ್ಟುದು ಚರಿತ್ರೆಯೊಂದೇ ಎನ್ನಬಹುದು. ಎರಡನೆಯ ಪ್ರಕರಣದಲ್ಲಿ ಕೆಟ್ಟುದು ನ್ಯಾಯವೂ ಹೌದು. 1936ರಲ್ಲಿ ವರ್ಜಿನಿಯದಲ್ಲಿ ಹುಟ್ಟಿದ ಹೆನ್ರಿ ಲೀ ಲ್ಯೂಕಸನು 1960ರಲ್ಲಿ ತಾಯಿಯನ್ನು ಕೊಂದು ಹತ್ತು ವರ್ಷ ಸೆರೆಯಲ್ಲಿದ್ದು ಹೊರಬಂದವನು. 1983ರಲ್ಲಿ ಟೆಕ್ಸಸ್ ಸಂಸ್ಥಾನದಲ್ಲಿ ಮತ್ತೆ ಸೆರೆಯಾದ ಮೇಲೆ ನೂರುಗಟ್ಟಲೆ ಕೊಲೆಗಳನ್ನು ಒಪ್ಪಿಕೊಳ್ಳತೊಡಗಿದನು. ಅವನಿಗಾಗಿಯೇ ಜಾರ್ಜ್‌ಟೌನ್ ಪಟ್ಟಣದಲ್ಲಿ ವಿಶೇಷ ತನಿಖಾದಳ ಏರ್ಪಟ್ಟಿತು. ಹಲವು ಸಂಸ್ಥಾನಗಳ ಪೋಲೀಸರು ಬಗೆಹರಿಯದ ಕಡತಗಳನ್ನು ಹೊತ್ತು ಅಲ್ಲಿಗೆ ಸಾಲುಗಟ್ಟಿದರು. ಒಪ್ಪಿಕೊಂಡಷ್ಟೂ ಅವನಿಗೆ ಸಿಗರೇಟು, ಹಾಲಿನ ಪಾನಕ, ಊರೂರಿಗೆ ಪ್ರಯಾಣದ ಸೌಕರ್ಯ. ಕಡತಗಳನ್ನೂ ಚಿತ್ರಗಳನ್ನೂ ಮೊದಲೇ ನೋಡಿದವನು ಕೊಲೆಯ ವಿವರಗಳನ್ನು ಸರಿಯಾಗಿ ಹೇಳಿದುದರಲ್ಲಿ ಆಶ್ಚರ್ಯವೇನು? ಇನ್ನೂರಕ್ಕೂ ಮಿಕ್ಕ ಪ್ರಕರಣಗಳು ಹೀಗೆ ಮುಗಿದವೆಂದು ಮುದ್ರೆ ಬಿದ್ದಿತು.

1985ರಲ್ಲಿ ಡಲ್ಲಾಸ್ ಟೈಮ್ಸ್ ಹೆರಲ್ಡ್ ಪತ್ರಿಕೆಯೂ, 1986ರಲ್ಲಿ ಟೆಕ್ಸಸ್ಸಿನ ಅಟಾರ್ನಿ ಜನರಲ್ ಜಿಮ್ ಮ್ಯಾಟಾಕ್ಸರ ವರದಿಯೂ ಈ ಕಟ್ಟಡವನ್ನು ಕೆಡವಿದವು. ಅವರ ವಿಧಾನವು ಶುದ್ಧವಾಗಿ ಚರಿತ್ರಕಾರನದು: ಲ್ಯೂಕಸನು ಯಾವ ದಿನ ಎಲ್ಲಿದ್ದನೆಂಬುದನ್ನು ಕೆಲಸದ ಹಾಜರಿ, ಸಂಬಳದ ಚೆಕ್ಕು ಮುಂತಾದ ಕ್ಷುದ್ರ ದಾಖಲೆಗಳಿಂದ ಕಾಲಾನುಕ್ರಮವಾಗಿ ಜೋಡಿಸಿ ತಪ್ಪೊಪ್ಪಿಗೆಯ ಪಕ್ಕದಲ್ಲಿಟ್ಟುದು. 1979ರ ಅಕ್ಟೋಬರ್ 31ರಂದು ಜಾರ್ಜ್‌ಟೌನ್ ಬಳಿ ಹೆದ್ದಾರಿಯ ಪಕ್ಕದಲ್ಲಿ, ಕಿತ್ತಳೆ ಬಣ್ಣದ ಕಾಲುಚೀಲಗಳನ್ನು ಮಾತ್ರ ತೊಟ್ಟಿದ್ದ ಸ್ತ್ರೀಯೊಬ್ಬಳ ಶವ ಸಿಕ್ಕಿತ್ತು. ಈ ಕೊಲೆಗಾಗಿ 1984ರಲ್ಲಿ ಲ್ಯೂಕಸನಿಗೆ ಮರಣದಂಡನೆಯಾಗಿತ್ತು. ಆ ದಿನಗಳಲ್ಲಿ ಅವನು ದೂರದ ಫ್ಲಾರಿಡದ ಜಾಕ್ಸನ್‌ವಿಲ್ ನಗರದಲ್ಲಿ ಮನೆಗಳ ಚಾವಣಿ ಕೆಲಸದಲ್ಲಿದ್ದನೆಂದು ದಾಖಲೆಗಳು ನುಡಿದವು. 1998ರಲ್ಲಿ ಗವರ್ನರ್ ಜಾರ್ಜ್ ಡಬ್ಲ್ಯು. ಬುಷ್ ಅವರು ದಂಡನೆಯನ್ನು ಆಜೀವ ಸೆರೆವಾಸಕ್ಕೆ ಇಳಿಸಿದರು. 2001ರಲ್ಲಿ ಲ್ಯೂಕಸನು ಸೆರೆಮನೆಯಲ್ಲಿಯೇ ಸತ್ತನು. ಆ ಸ್ತ್ರೀ ಯಾರೆಂಬುದು ಗೊತ್ತಾದುದು 2019ರಲ್ಲಿ. ಅವನ ಹೆಸರಿಗೆ ಬರೆದುಕೊಂಡಿದ್ದ ಕೆಲವು ಕೊಲೆಗಳನ್ನು ಬೇರೆಯವರು ಮಾಡಿದುದಾಗಿ ಡಿ.ಎನ್.ಎ. ಪರೀಕ್ಷೆಯಿಂದ ಮುಂದೆ ತಿಳಿದುಬಂದಿತು. ಕಡತ ಮುಚ್ಚಿದ್ದಷ್ಟು ಕಾಲವೂ ಅವರನ್ನು ಹುಡುಕುವವರೇ ಇರಲಿಲ್ಲ.

ಹಾಗೆಂದು ತಪ್ಪೊಪ್ಪಿಗೆಯೆಲ್ಲ ಸುಳ್ಳೆಂದು ತಳ್ಳಿಹಾಕುವುದೂ ಸಾಧುವಲ್ಲ. 2014ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಮೂರು ಕೊಲೆಗಳಿಗಾಗಿ ಶಿಕ್ಷೆಹೊಂದಿದ ಸ್ಯಾಮ್ಯುಯಲ್ ಲಿಟಲ್ ಎಂಬಾತನು 2018ರಿಂದ ಮೊದಲುಗೊಂಡು 93 ಕೊಲೆಗಳನ್ನು ಒಪ್ಪಿಕೊಂಡನು. ಲ್ಯೂಕಸನಿಂದ ಪಾಠ ಕಲಿತವರಿಗೆ ಸಂದೇಹ ಬರುವುದು ಸಹಜ. ಆದರೆ ಈ ಬಾರಿ ಒಂದೊಂದು ಮಾತನ್ನೂ ಸ್ಥಳದ ದಾಖಲೆಗಳೊಡನೆ ತಾಳೆ ನೋಡಲಾಯಿತು. 2019ರ ಅಕ್ಟೋಬರಿನ ವೇಳೆಗೆ 50 ಕೊಲೆಗಳು ದೃಢಪಟ್ಟವೆಂದು ಕೇಂದ್ರ ತನಿಖಾ ಸಂಸ್ಥೆಯಾದ ಎಫ್.ಬಿ.ಐ. ಪ್ರಕಟಿಸಿತು. ಸತ್ತವರಲ್ಲಿ ಬಹುಮಂದಿ ಬಡಸ್ತ್ರೀಯರು, ಹೆಚ್ಚಿನವರು ಕಪ್ಪು ಜನಾಂಗದವರು. ಎಷ್ಟೋ ಮರಣಗಳನ್ನು ಮಾದಕದ್ರವ್ಯದ ಅತಿಸೇವನೆಯಿಂದಲೋ ಆಕಸ್ಮಿಕದಿಂದಲೋ ಆದುವೆಂದು ಹಿಂದೆಯೇ ಬರೆದು ಮುಗಿಸಿದ್ದರು. ಅವು ಕೊಲೆಗಳೆಂಬ ಲೆಕ್ಕಕ್ಕೇ ಬಂದಿರಲಿಲ್ಲ. ಅಧಿಕಾರಿಗಳ ದಾಖಲೆ ಮೌನವಾಗಿದ್ದೆಡೆ ಕೊಲೆಗಾರನ ಮಾತೇ ಮೊದಲ ಸುಳಿವಾಯಿತೆಂಬುದು ವಿಷಾದಕರವಾದರೂ ನಿಜ. ತಾನು ಕೊಂದವರ ಮುಖಗಳನ್ನು ಅವನು ನೆನಪಿನಿಂದ ಬಣ್ಣದಲ್ಲಿ ಬರೆದುಕೊಟ್ಟನು. ಹೆಸರು ತಿಳಿಯದ ಆ ಮುಖಗಳನ್ನು ಯಾರಾದರೂ ಗುರುತಿಸಿಯಾರೆಂದು ಎಫ್.ಬಿ.ಐ. ಚಿತ್ರಗಳನ್ನು ಸಾರ್ವಜನಿಕರ ಮುಂದಿಟ್ಟಿತು. 2020ರ ಡಿಸೆಂಬರಿನಲ್ಲಿ ಲಿಟಲ್ ಸತ್ತಾಗ ಆ ಚಿತ್ರಗಳಲ್ಲಿ ಹಲವಕ್ಕೆ ಇನ್ನೂ ಹೆಸರು ಸಿಕ್ಕಿರಲಿಲ್ಲ.