ಪ್ರಬಂಧ ನನ್ನದು, ತಿದ್ದುಪಡಿ ಯಾರದ್ದು? ಎಐ ಜೊತೆ ಗೆರೆ ಎಳೆದುಕೊಂಡ ಕತೆ

ಎಂ.ಎ. ಸೆಮಿನಾರ್ ಪ್ರಬಂಧಕ್ಕೆ ನಮ್ಮ ಮೇಷ್ಟ್ರು ಹಾಕಿದ ಷರತ್ತು ಇಷ್ಟೇ: "ಎಐ ಬಳಸ್ಬೇಡ ಅನ್ನಲ್ಲ. ಆದ್ರೆ ಅದು ಬರೆದ ಒಂದು ವಾಕ್ಯನೂ ನಿನ್ನ ಪ್ರಬಂಧದಲ್ಲಿ ಇರಬಾರದು. ಅದನ್ನ ಏನು ಕೇಳಿದೆ, ಏನು ತಗೊಂಡೆ ಅಂತ ಕೊನೇಲಿ ಬರೀಬೇಕು."

ಕೇಳೋಕೆ ಸುಲಭ. ಆದರೆ ಕರಡು ಮುಗಿಸಿ ತಿದ್ದಲು ಕೂತಾಗ ಗೊತ್ತಾಯಿತು, 'ಸ್ವಲ್ಪ ಸಹಾಯ' ಮತ್ತು 'ಅದೇ ಬರೆದುಕೊಟ್ಟಿತು' ಎಂಬುದರ ನಡುವಿನ ಗೆರೆ ಬಹಳ ತೆಳು. ಈಗ ಲಕ್ಷಾಂತರ ವಿದ್ಯಾರ್ಥಿಗಳು ಇದೇ ಗೆರೆಯ ಮೇಲೆ ನಡೆಯುತ್ತಿದ್ದೇವೆ. ಹಾಗಾಗಿ ನಾನು ಎಲ್ಲಿ ಎಡವಿದೆ, ಏನು ಉಪಯೋಗಕ್ಕೆ ಬಂತು ಅಂತ ಹೇಳುತ್ತೇನೆ.

ಮೊದಲು ನನ್ನ ಮಾತು, ಆಮೇಲೆ ಯಂತ್ರ

ನನ್ನ ವಿಷಯ ಮೀಸಲಾತಿಯ ಶೇ. 50ರ ಮಿತಿ. ಹದಿನಾಲ್ಕು ಪುಟದ ಕರಡು ಇತ್ತು, ಆದರೆ ವಾದ ಇರಲಿಲ್ಲ. ಚಾಟ್‌ಬಾಟ್ ತೆರೆಯುವ ಮೊದಲು ಒಂದು ಹಾಳೆಯ ಮೇಲೆ ನನ್ನ ವಾದವನ್ನು ಒಂದೇ ವಾಕ್ಯದಲ್ಲಿ ಬರೆದೆ: 'ಶೇ. 50ರ ಮಿತಿ ಸಂವಿಧಾನದಲ್ಲಿ ಬರೆದಿಟ್ಟ ನಿಯಮವಲ್ಲ. ಅದು ಹುಟ್ಟಿದ್ದು ನಮ್ಮದೇ ಮೈಸೂರು ರಾಜ್ಯದ ಒಂದು ಕೇಸಿನಲ್ಲಿ.' ಈ ವಾಕ್ಯ ಬರೆಯೋಕೆ ಒಂದು ಸಂಜೆ ಬೇಕಾಯಿತು. ಅದನ್ನು ಎಐಗೆ ಬಿಟ್ಟಿದ್ದರೆ ಉಳಿದದ್ದೆಲ್ಲ ಅದರದ್ದೇ ಆಗುತ್ತಿತ್ತು.

ಆಮೇಲೆ ಕರಡು ಕೊಟ್ಟು ಕೇಳಿದೆ: "ಈ ವಾದಕ್ಕೆ ಅಂಟಿಕೊಳ್ಳದ ಪ್ಯಾರಾಗಳು ಯಾವುವು? ಪಟ್ಟಿ ಮಾತ್ರ ಕೊಡು, ತಿದ್ದಬೇಡ." ಅದು ತೋರಿಸಿದ ಒಂದು ಬಿರುಕು ನಿಜವಾಗಿಯೂ ಇತ್ತು. ನಾನು 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯಿಂದ ನೇರ 1962ಕ್ಕೆ ಹಾರಿದ್ದೆ. ನಡುವೆ ನಲವತ್ತು ವರ್ಷ ಖಾಲಿ.

ಆ ಖಾಲಿ ಜಾಗವನ್ನು ತುಂಬಲು ಎಐಯನ್ನು ಕೇಳಲಿಲ್ಲ, ಲೈಬ್ರರಿಗೆ ಹೋದೆ. 1951ರಲ್ಲಿ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮದ್ರಾಸಿನ ಜಾತಿವಾರು ಸೀಟು ಹಂಚಿಕೆಯನ್ನು ರದ್ದು ಮಾಡಿತು. ಅದಕ್ಕೆ ಉತ್ತರವಾಗಿ ಅದೇ ವರ್ಷ ಸಂವಿಧಾನದ ಮೊದಲ ತಿದ್ದುಪಡಿ ಬಂತು, 15(4)ನೇ ವಿಧಿ ಸೇರಿತು. 1962ರ ಮೈಸೂರು ಸರ್ಕಾರದ ಆದೇಶ ನಿಂತಿದ್ದು ಅದೇ ವಿಧಿಯ ಮೇಲೆ. ಸೇತುವೆ ಸಿಕ್ಕಿತು.

ತಪ್ಪನ್ನೂ ಅಷ್ಟೇ ವಿಶ್ವಾಸದಿಂದ ಹೇಳುತ್ತೆ

ಎರಡನೇ ಸುತ್ತಿನಲ್ಲಿ ಅದು ನನ್ನನ್ನೇ 'ತಿದ್ದಿತು'. ಶೇ. 50ರ ಮಿತಿ ಮೊದಲು ಬಂದಿದ್ದು 1992ರ ಇಂದ್ರಾ ಸಾಹ್ನಿ ತೀರ್ಪಿನಲ್ಲಿ, ನಿಮ್ಮ ಇಸವಿ ತಪ್ಪು ಅಂತು. ಭಾಷೆ ಎಷ್ಟು ಖಚಿತವಾಗಿತ್ತು ಅಂದ್ರೆ, ನಾನೇ ಒಂದು ಕ್ಷಣ ಅಳುಕಿದೆ.

ತೀರ್ಪು ತೆಗೆದು ಓದಿದೆ. ಎಂ.ಆರ್. ಬಾಲಾಜಿ ವರ್ಸಸ್ ಮೈಸೂರು ರಾಜ್ಯ, ಸೆಪ್ಟೆಂಬರ್ 1962. ವೃತ್ತಿಪರ ಕಾಲೇಜುಗಳಲ್ಲಿ ಹಿಂದುಳಿದವರಿಗೆ ಶೇ. 28, ಅತಿ ಹಿಂದುಳಿದವರಿಗೆ ಶೇ. 22, ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 3, ಒಟ್ಟು ಶೇ. 68 ಮೀಸಲಾತಿ ಕೊಟ್ಟ ಆದೇಶವನ್ನು ಕೋರ್ಟ್ ರದ್ದು ಮಾಡಿತ್ತು. ಸಾಮಾನ್ಯವಾಗಿ ಮೀಸಲಾತಿ ಶೇ. 50ಕ್ಕಿಂತ ಕಡಿಮೆ ಇರಬೇಕು ಅಂದಿದ್ದೂ ಅಲ್ಲೇ. ಮೂವತ್ತು ವರ್ಷದ ನಂತರ ಒಂಬತ್ತು ನ್ಯಾಯಮೂರ್ತಿಗಳ ಪೀಠ ಇಂದ್ರಾ ಸಾಹ್ನಿ ಪ್ರಕರಣದಲ್ಲಿ ಅದನ್ನು ಗಟ್ಟಿ ಮಾಡಿತು.

ಯಾಕೆ ಹೀಗಾಗುತ್ತೆ? ಈ ಮಾದರಿಗಳು ಮೂಲತಃ ಮಾಡುವ ಕೆಲಸ, ಮುಂದೆ ಬರಬಹುದಾದ ಪದವನ್ನು ಊಹಿಸುವುದು. ಶೇ. 50ರ ಪಕ್ಕದಲ್ಲಿ ಎಲ್ಲರೂ ಹೆಚ್ಚು ಬರೆಯುವ ಹೆಸರು ಯಾವುದೋ, ಊಹೆ ಅತ್ತ ವಾಲುತ್ತೆ. ನಾನು ಎಐ ಮಾತು ಒಪ್ಪಿದ್ದರೆ ಪ್ರಬಂಧದ ಇಡೀ ವಾದವೇ ಬಿದ್ದುಹೋಗುತ್ತಿತ್ತು.

ನಯವಾದ ವಾಕ್ಯದಲ್ಲಿ ಕಾಣೆಯಾದವರು

ಅತಿ ದೊಡ್ಡ ಪಾಠ ಕೊನೆಯ ರಾತ್ರಿ ಸಿಕ್ಕಿತು. ಸುಸ್ತಾಗಿತ್ತು. ಷರತ್ತು ಮುರಿದು ಒಂದು ಪ್ಯಾರಾ ಕೊಟ್ಟು, "ಇದನ್ನ ಚೆನ್ನಾಗಿ ಮಾಡು" ಅಂದೆ.

ನನ್ನ ವಾಕ್ಯ: 'ಭೂಮಿ, ಓದು, ಸರ್ಕಾರಿ ನೌಕರಿ ಮೂರನ್ನೂ ಮೇಲ್ಜಾತಿಗಳು ತಮ್ಮ ಕೈಯಲ್ಲಿಟ್ಟುಕೊಂಡಿದ್ದವು.' ಅದು ಕೊಟ್ಟಿದ್ದು: 'ಕೆಲವು ಸಮುದಾಯಗಳು ಅವಕಾಶಗಳ ಕೊರತೆಯ ಸವಾಲನ್ನು ಎದುರಿಸುತ್ತಿದ್ದವು.'

ನಯವಾಗಿದೆ. ಆದರೆ ಇಟ್ಟುಕೊಂಡವರು ಎಲ್ಲಿ ಹೋದರು? ಯಾರೂ ಏನೂ ಮಾಡಿಲ್ಲ, ಅವಕಾಶವೇ ತಾನಾಗಿ ಕಮ್ಮಿಯಾಗಿತ್ತು ಅನ್ನುವಂತಿದೆ. ಸರ್ಕಾರಿ ಪ್ರಕಟಣೆಗಳಲ್ಲಿ ನಾವು ದಿನಾ ಟೀಕಿಸುವ ಭಾಷೆ ಇದೇ ಅಲ್ವಾ?

ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನ್ನ ವಾಕ್ಯದ ಸೋಮಾರಿತನವೂ ಕಂಡಿತು. ಹಳೇ ಮೈಸೂರಿನಲ್ಲಿ ಮಿಲ್ಲರ್ ಸಮಿತಿಯ ಮುಂದಿದ್ದ ಪ್ರಶ್ನೆ ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣರ ಪ್ರಾಬಲ್ಯ. ಭೂಮಿಯ ವಿಷಯದಲ್ಲಿ ಒಕ್ಕಲಿಗರು, ಲಿಂಗಾಯತರ ಹಿಡಿತ ದೊಡ್ಡದಿತ್ತು. 'ಮೇಲ್ಜಾತಿಗಳು' ಅಂತ ಒಂದೇ ಮೂಟೆ ಕಟ್ಟಿ ನಾನೂ ತಪ್ಪಿಸಿಕೊಂಡಿದ್ದೆ. ಎಐ ವಾಕ್ಯ ಅಳಿಸಿದೆ, ನನ್ನದನ್ನೂ ಅಳಿಸಿ ಹೊಸದಾಗಿ ಮೂರು ವಾಕ್ಯ ಬರೆದೆ.

ಹಾಗಾದ್ರೆ ನಿಷೇಧಿಸಿಬಿಡೋಣವೇ?

ಬೇಡ. ಇಂಗ್ಲಿಷ್ ಬಲ್ಲ ಅಪ್ಪ-ಅಮ್ಮ, ಲೆಕ್ಚರರ್ ಅತ್ತೆ ಇರುವ ಮನೆಯಲ್ಲಿ ಕರಡು ಓದಿ ತಿದ್ದುವವರು ಯಾವತ್ತೂ ಇದ್ದರು. ನಮ್ಮಮ್ಮ ಓದಿದ್ದು ಏಳನೇ ಕ್ಲಾಸು. ನನ್ನ ಬರಹದ ಬಿರುಕು ತೋರಿಸುವ ಒಂದು ಜೊತೆ ನನಗೂ ಬೇಕು.

ಎಐ ಪತ್ತೆ ಹಚ್ಚುವ ಸಾಫ್ಟ್‌ವೇರ್ ನಂಬಿ ಶಿಕ್ಷೆ ಕೊಡುವುದೂ ಅಪಾಯ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಏಳು ಪತ್ತೆ ಸಾಧನಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವಂತವಾಗಿ ಬರೆದ ಟೋಫೆಲ್ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಅವು ಯಂತ್ರದ್ದು ಅಂದುಬಿಟ್ಟವು. ಓಪನ್‌ಎಐ ತನ್ನದೇ ಪತ್ತೆ ಸಾಧನವನ್ನು ನಿಖರತೆ ಸಾಲದು ಅಂತ ಅದೇ ವರ್ಷ ಹಿಂಪಡೆಯಿತು. ಯುಜಿಸಿಯ 2018ರ ಕೃತಿಚೌರ್ಯ ನಿಯಮಾವಳಿ ಅಳೆಯುವುದು ಬರಹಗಳ ಹೋಲಿಕೆಯನ್ನು, ಶೇ. 10ರವರೆಗೆ ದಂಡವಿಲ್ಲ. ಹೊಸದಾಗಿ ಹೆಣೆದುಕೊಡುವ ಯಂತ್ರಕ್ಕೆ ಆ ಅಳತೆಗೋಲು ಸಾಲುವುದಿಲ್ಲ.

ಇದಕ್ಕಿಂತ ನಮ್ಮ ಮೇಷ್ಟ್ರ ದಾರಿ ವಾಸಿ: ಕರಡುಗಳನ್ನು ಇಟ್ಟುಕೊಳ್ಳಿ, ಬಳಸಿದ್ದನ್ನು ಹೇಳಿ, ಎದುರು ಕೂತು ಉತ್ತರಿಸಿ. ನನ್ನ ಪ್ರಬಂಧದ ಕೊನೆಯಲ್ಲಿ ಬರೆದದ್ದು ಇದು:

'ವಾದಕ್ಕೆ ಹೊಂದದ ಪ್ಯಾರಾಗಳನ್ನು ಗುರುತಿಸಲು ಮತ್ತು ಕಾಗುಣಿತ ನೋಡಲು ಎಐ ಬಳಸಿದ್ದೇನೆ. ಒಂದು ಪ್ಯಾರಾ ತಿದ್ದಿಸಿ, ಆ ತಿದ್ದುಪಡಿಯನ್ನು ಕೈಬಿಟ್ಟಿದ್ದೇನೆ. ಅದು ಹೇಳಿದ ಒಂದು ಇಸವಿ ತಪ್ಪಿತ್ತು. ಉಳಿದ ತಪ್ಪುಗಳು ನನ್ನವು.'

ಮೇಷ್ಟ್ರು ಓದಿ, "ತಿದ್ದಿಸಿದ್ದು ಯಾವ ಪ್ಯಾರಾ, ತೋರಿಸು" ಅಂದರು. ತೋರಿಸಿದೆ. ಮುಂದಿನ ಇಪ್ಪತ್ತು ನಿಮಿಷ ನಮ್ಮ ಮಾತು ಆ ಮೂರು ವಾಕ್ಯಗಳ ಬಗ್ಗೆಯೇ ನಡೆಯಿತು.