ಕೊಲಾಬಾ ತುದಿಯ ತೆರೆದ ಗೇಟು

ಭಾನುವಾರ ಬೆಳಗ್ಗೆ ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿ ವಾರದ ನೂಕುನುಗ್ಗಲು ಇರುವುದಿಲ್ಲ. ಬೊರಿವಲಿ, ವಿರಾರ್ ಕಡೆಯಿಂದ ಬಂದ ಲೋಕಲ್‌ಗಳಿಂದ ಆಫೀಸಿನವರ ಬದಲು ಯೂನಿಫಾರ್ಮಿನ ಮಕ್ಕಳು ಸಾಲುಗಟ್ಟಿ ಇಳಿಯುತ್ತಿದ್ದರೆ, ಅದು ಫೆಬ್ರವರಿಯ ಕೊನೆಯ ವಾರವಿರಬಹುದು. ಸಿ.ವಿ. ರಾಮನ್ ಅವರ 1928ರ ಶೋಧದ ನೆನಪಿಗೆ ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಅದರ ಆಸುಪಾಸಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಮುಂಬೈಯವರ ಬಾಯಿಯ ಟಿಐಎಫ್‌ಆರ್, ತನ್ನ ಪ್ರಯೋಗಾಲಯಗಳನ್ನು ನೋಡಲು ಜನರನ್ನು ಕರೆಯುತ್ತದೆ.

ಬೆಸ್ಟ್ ಬಸ್ಸು ರೀಗಲ್ ಟಾಕೀಸು ದಾಟಿ, ಇನ್ನೂ ಅಂಗಡಿ ತೆರೆಯದ ಕೊಲಾಬಾ ಕಾಸ್‌ವೇಯಲ್ಲಿ ಸಾಗುತ್ತದೆ. ಸಸೂನ್ ಡಾಕ್ ಹತ್ತಿರ ಬಂದಂತೆ ಮೀನಿನ ವಾಸನೆ ಕಿಟಕಿಯಿಂದ ಒಳಗೆ ನುಗ್ಗುತ್ತದೆ. ಆಫ್ಘನ್ ಚರ್ಚಿನ ಚೂಪು ಗೋಪುರ ಕಂಡ ಮೇಲೆ ಊರಿನ ಗದ್ದಲ ಇಳಿದು, ನೌಕಾದಳದ ಕಾಂಪೌಂಡುಗಳೂ ಮರಗಳೂ ಶುರುವಾಗುತ್ತವೆ. ನನ್ನ ಮುಂದಿನ ಸೀಟಿನಲ್ಲಿ ಭಾಂಡುಪಿನ ಹೋಟೆಲೊಂದರ ಕ್ಯಾಷಿಯರ್, ಪಕ್ಕದಲ್ಲಿ ಹನ್ನೊಂದನೇ ಕ್ಲಾಸಿನ ಮಗಳು. ಮಾತಿನಲ್ಲಿ ಕುಂದಾಪುರ ಹಾಗೆಯೇ ಉಳಿದಿದೆ.

“ಒಳ್ಗೆ ಬಿಡ್ತ್ರಾ ಮಗಾ ನಮ್ಮನ್ನ?”

“ಬಿಡ್ತ್ರ್ ಅಪ್ಪಯ್ಯ. ಇವತ್ತ್ ಎಲ್ರಿಗೂ ಓಪನ್.”

ಆ ಪ್ರಶ್ನೆಯ ಹಿಂದೆ ಮುಂಬೈ ಕನ್ನಡಿಗರ ದೊಡ್ಡ ಕತೆಯಿದೆ. ದಕ್ಷಿಣ ಕನ್ನಡ, ಉಡುಪಿಯಿಂದ ಬಂದ ಹುಡುಗರು ಹಗಲೆಲ್ಲ ಫೋರ್ಟಿನ ಹೋಟೆಲುಗಳಲ್ಲಿ ತಟ್ಟೆ ತೊಳೆದು, ರಾತ್ರಿ ಮೊಗವೀರ ರಾತ್ರಿ ಶಾಲೆಯಂಥ ಕನ್ನಡ ರಾತ್ರಿ ಶಾಲೆಗಳ ಬೆಂಚಿನಲ್ಲಿ ಕೂತು ಮ್ಯಾಟ್ರಿಕ್ ಮಾಡಿಕೊಂಡರು. 1857ರಲ್ಲಿ ಹುಟ್ಟಿದ ಮುಂಬೈ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರದ ಗಡಿಯಾರ ನೋಡಿಕೊಂಡು ಡ್ಯೂಟಿಗೆ ಓಡಿದವರು ಅವರು. ಆ ಗೋಪುರದ ಬುಡದಲ್ಲಿರುವ ಗ್ರಂಥಾಲಯದ ಮೆಟ್ಟಿಲು ಹತ್ತುವ ಧೈರ್ಯ ಮಾತ್ರ ಎಷ್ಟೋ ಜನಕ್ಕೆ ಬರಲಿಲ್ಲ. ಯಾರೂ ತಡೆದಿರಲಿಲ್ಲ, ಯಾರೂ ಕರೆದೂ ಇರಲಿಲ್ಲ. ಓಪನ್ ಡೇ ಎಂದರೆ ಕರೆಯುವುದು. ನನಗೆ ಈ ದಿನದ ಮೇಲೆ ಇಷ್ಟೊಂದು ಮಮತೆ ಇರುವುದು ಅದಕ್ಕೇ.

ಗೇಟಿನಲ್ಲಿ ಗುರುತಿನ ಚೀಟಿ ನೋಡುತ್ತಾರೆ, ಬ್ಯಾಗು ತಪಾಸಣೆ ಮಾಡುತ್ತಾರೆ. ದಿನಾಂಕ, ನೋಂದಣಿಯ ವಿಷಯವನ್ನು ಮೊದಲೇ ವಿಚಾರಿಸಿಕೊಂಡು ಬಂದವರಿಗೆ ಇಲ್ಲಿ ತಡವಾಗುವುದಿಲ್ಲ. ಒಳಗೆ ಕಾಲಿಟ್ಟರೆ ಉದ್ದದ, ತಣ್ಣನೆಯ ಕಟ್ಟಡ. 1945ರಲ್ಲಿ ಈ ಸಂಸ್ಥೆ ಹುಟ್ಟಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅದೇ ವರ್ಷ ಸ್ಥಾಪಕ ಹೋಮಿ ಭಾಭಾ ಅದನ್ನು ಮುಂಬೈಯ ಪೆಡ್ಡರ್ ರೋಡಿನ ಬಂಗಲೆಯೊಂದಕ್ಕೆ ತಂದರು. ಕೊಲಾಬಾದ ಈ ಕಟ್ಟಡವನ್ನು ನೆಹರೂ ಉದ್ಘಾಟಿಸಿದ್ದು 1962ರಲ್ಲಿ. ಮೊಗಸಾಲೆಯ ಗೋಡೆಯನ್ನು ಎಂ.ಎಫ್. ಹುಸೇನರ ‘ಭಾರತ ಭಾಗ್ಯ ವಿಧಾತ’ ಭಿತ್ತಿಚಿತ್ರ ತುಂಬಿಕೊಂಡಿದೆ. ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ಪಾಲನ್ನು ಕಲೆಗೆ ಖರ್ಚು ಮಾಡಲು ಭಾಭಾ ನೆಹರೂ ಅವರಿಂದ ಒಪ್ಪಿಗೆ ಪಡೆದಿದ್ದರು. ಹಾಗೆ ಕೂಡಿದ ಸಂಗ್ರಹದಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಬಂದು ಮುಂಬೈಯಲ್ಲಿ ಬೆಳೆದ ಕೆ.ಕೆ. ಹೆಬ್ಬಾರರ ಚಿತ್ರಗಳೂ ಇವೆ. ಮಕ್ಕಳ ಸಾಲುಗಳು ಹುಸೇನರ ಗೋಡೆಯ ಮುಂದೆ ಫೋಟೋ ತೆಗೆಸಿಕೊಂಡು ಮುಂದೆ ಓಡುತ್ತವೆ.

ಓಡುವುದು ದ್ರವ ಸಾರಜನಕದ ಕಡೆಗೆ. ಅಲ್ಲಿ ಹೋಗಿ ನಿಲ್ಲದೆ ಯಾರೂ ವಾಪಸಾಗುವುದಿಲ್ಲ. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವದಿಂದ ಬಿಳಿ ಮಂಜು ಮೇಜಿನ ಅಂಚಿನಿಂದ ಕೆಳಗಿಳಿಯುತ್ತದೆ. ಅದ್ದಿ ತೆಗೆದ ಗುಲಾಬಿಯನ್ನು ಬಡಿದರೆ ಎಸಳುಗಳು ಪುಡಿಪುಡಿ. ಉಬ್ಬಿದ ಬಲೂನು ಸುಕ್ಕಾಗಿ, ಹೊರತೆಗೆದ ಮೇಲೆ ಮತ್ತೆ ಉಬ್ಬುತ್ತದೆ. ಮಕ್ಕಳ ಕಿರುಚಾಟಕ್ಕೆ ಕಾರಿಡಾರೇ ನಡುಗುತ್ತದೆ. ಒಳ್ಳೆಯದೇ, ಹತ್ತು ವರ್ಷದ ಹುಡುಗನಿಗೆ ವಿಜ್ಞಾನದ ರುಚಿ ಹತ್ತುವುದು ಹೀಗೆಯೇ. ಆದರೆ ಮುಂದಿನ ವರ್ಷ ಕಾಲೇಜು ಹುಡುಕಬೇಕಾದವರು ದಿನದ ಅರ್ಧವನ್ನು ಈ ಕ್ಯೂನಲ್ಲೇ ಕಳೆಯುವುದನ್ನು ಕಂಡಾಗ ನನ್ನ ಹೊಟ್ಟೆ ಉರಿಯುತ್ತದೆ. ಈ ಆಟವನ್ನು ಮೊಬೈಲಿನಲ್ಲೂ ನೋಡಬಹುದು. ಮೊಬೈಲಿನಲ್ಲಿ ಸಿಗದ್ದು, ಯಂತ್ರದ ಪಕ್ಕದಲ್ಲಿ ನಿಂತಿರುವ ಮನುಷ್ಯರು.

ಭಾಂಡುಪಿನ ಹುಡುಗಿ ಅದನ್ನು ಹೇಗೆ ಕಂಡುಕೊಂಡಳೋ, ಜನವಿಲ್ಲದ ಮೇಜೊಂದರ ಮುಂದೆ ನಿಂತುಬಿಟ್ಟಳು. ಒಂದರ ಮೇಲೊಂದು ಜೋಡಿಸಿದ ಚಪ್ಪಟೆ ಪೆಟ್ಟಿಗೆಗಳು, ನಡುನಡುವೆ ಮಿನುಗುವ ಕೆಂಪು ದೀಪ. ಪಕ್ಕದಲ್ಲಿ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು. ಬೆಳಗಿನಿಂದ ಮಾತಾಡಿ ಅವಳ ಗಂಟಲು ಕಟ್ಟಿದೆ. ಆಕಾಶದಿಂದ ಬೀಳುವ ಮ್ಯೂಆನ್ ಕಣ ಈ ಪೆಟ್ಟಿಗೆಗಳನ್ನು ತೂರಿಕೊಂಡು ಹೋದಾಗ ದೀಪ ಹತ್ತುತ್ತದೆ ಎಂದಳು. ನಿಮ್ಮ ಅಂಗೈಯನ್ನೂ ಸೆಕೆಂಡಿಗೆ ಒಂದಾದರೂ ಹೀಗೆ ತೂರಿ ಹೋಗುತ್ತಿದೆ ಎಂದಾಗ ತಂದೆ ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು. ಇದರ ಬೇರು ಕೋಲಾರದ ಚಿನ್ನದ ಗಣಿಯಲ್ಲಿದೆ ಎಂದು ಅವಳು ಮುಂದುವರಿಸಿದ ಕೂಡಲೇ ಅವರು ಹತ್ತಿರ ಬಂದರು.

“ಕೋಲಾರ ನಮ್ಮದೇ. ಅಲ್ಲಿ ಚಿನ್ನ ಬಿಟ್ಟು ಮತ್ತೇನು ಹುಡುಕಿದ್ದು?” ಎಂದು ಹಿಂದಿಯಲ್ಲಿ ಕೇಳಿದರು.

ಇಡೀ ದಿನದಲ್ಲಿ ನಾನು ಕೇಳಿದ ಅತ್ಯುತ್ತಮ ಪ್ರಶ್ನೆ ಇದು. ಆ ವಿದ್ಯಾರ್ಥಿನಿಯ ಕಟ್ಟಿದ ಗಂಟಲು ತೆರೆಯಿತು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಯುವ ಸಂಶೋಧಕರಾಗಿ 1950ರ ದಶಕದ ಮೊದಲಲ್ಲೇ ಉಪಕರಣ ಹೊತ್ತು ಕೆಜಿಎಫ್ ಗಣಿಗೆ ಇಳಿದಿದ್ದರು. ಆಳಕ್ಕೆ ಹೋದಂತೆ ಬಂಡೆ ಮ್ಯೂಆನ್‌ಗಳನ್ನು ತಡೆಯುತ್ತದೆ. ತೀರಾ ಆಳದಲ್ಲಿ ಮೇಲಿನಿಂದ ಬರುವವು ಇಲ್ಲವೆನ್ನುವಷ್ಟು ಕಡಿಮೆಯಾದವು. ಬಂಡೆಯನ್ನೂ ಲೆಕ್ಕಿಸದೆ ಭೂಮಿಯನ್ನೇ ಹಾದು ಹೋಗುವ ನ್ಯೂಟ್ರಿನೊವನ್ನು ಹಿಡಿಯಲು ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ಜತೆ ಸೇರಿ ಟಿಐಎಫ್‌ಆರ್ ತಂಡ ಎರಡು ಕಿಲೋಮೀಟರಿಗಿಂತಲೂ ಆಳದಲ್ಲಿ ಶೋಧಕಗಳನ್ನು ನಿಲ್ಲಿಸಿತು. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊದ ಸುಳಿವು ಅಲ್ಲಿ ಸಿಕ್ಕಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲೂ ಸಿಕ್ಕಿತ್ತು. ಮುಂದೆ 1975ರಿಂದ 1987ರವರೆಗೆ ಶ್ರೀಕಂಠನ್ ಈ ಸಂಸ್ಥೆಯ ನಿರ್ದೇಶಕರಾಗಿದ್ದರು. ನಂಜನಗೂಡಿನವರು ನಿರ್ದೇಶಕರೇ ಆಗಿದ್ದರು ಎಂದು ತಿಳಿದ ಮೇಲೆ ಆ ತಂದೆಯ ನಿಲುವೇ ಬದಲಾಯಿತು. ಕೈಕಟ್ಟಿ ನಿಂತಿದ್ದವರು ಮೇಜಿಗೆ ಕೈಯೂರಿದರು.

ಆಮೇಲೆ ಬಂದದ್ದು ಅಷ್ಟು ಹೊತ್ತೂ ಬಾಯಿಯಲ್ಲಿ ತಡೆದಿಟ್ಟಿದ್ದ ಪ್ರಶ್ನೆ: ಇಲ್ಲಿ ಓದಿಸಲು ಫೀಸು ಎಷ್ಟು?

ಪಿಎಚ್.ಡಿ.ಗೆ ಸೇರಿದವರಿಗೆ ಸಂಸ್ಥೆಯೇ ಪ್ರತಿ ತಿಂಗಳು ಫೆಲೋಶಿಪ್ ಕೊಡುತ್ತದೆ ಎಂದಳು ಆ ವಿದ್ಯಾರ್ಥಿನಿ. ಅವರು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ಈ ಸಂಗತಿ ಗೊತ್ತಿಲ್ಲದೆಯೇ ಎಷ್ಟು ಮನೆಗಳಲ್ಲಿ ವಿಜ್ಞಾನದ ಆಸೆ ಮುರುಟಿಹೋಗಿದೆಯೋ! ಹಣದ ಪ್ರಶ್ನೆ ಕೇಳಲು ನಾಚಬಾರದು. ಬಡಮನೆಯ ಮಕ್ಕಳಿಗೆ ಓಪನ್ ಡೇಯಲ್ಲಿ ಅದೇ ಮೊದಲ ಪ್ರಶ್ನೆ ಆಗಬೇಕು.

ಮಗಳು ಕೇಳಿದ್ದು ಬೇರೆ: ಹನ್ನೆರಡನೆಯದು ಮುಗಿಸಿದ ಮೇಲೆ ಇಲ್ಲಿಗೆ ಬರುವ ದಾರಿ ಯಾವುದು? ಇಲ್ಲಿ ಬಿ.ಎಸ್‌ಸಿ. ಇಲ್ಲ. ಆದರೆ ಮುಂಬೈ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನಲ್ಲಿ, ಪರಮಾಣು ಶಕ್ತಿ ಇಲಾಖೆಯೊಂದಿಗೆ ಸೇರಿ 2007ರಲ್ಲಿ ತೆರೆದ ಮೂಲ ವಿಜ್ಞಾನಗಳ ಕೇಂದ್ರವಿದೆ. ಅಲ್ಲಿ ಐದು ವರ್ಷದ ಎಂ.ಎಸ್‌ಸಿ. ಇದೆ, ಸೇರಲು ನೆಸ್ಟ್ ಪರೀಕ್ಷೆ ಬರೆಯಬೇಕು. ಕಾಲೇಜಿನ ಬೇಸಗೆ ರಜೆಯಲ್ಲಿ ಟಿಐಎಫ್‌ಆರ್‌ಗೇ ಬಂದು ಕೆಲಸ ಕಲಿಯುವ ಕಾರ್ಯಕ್ರಮವೂ ಇದೆ. ಭಾಂಡುಪಿನಿಂದ ದೂರವೇನಲ್ಲದ ಮಾನ್‌ಖುರ್ದಿನಲ್ಲಿ ಇದೇ ಸಂಸ್ಥೆಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ, ವಿಜ್ಞಾನ ಒಲಿಂಪಿಯಾಡಿನ ಮಕ್ಕಳನ್ನು ತಯಾರು ಮಾಡುವ ಜಾಗ. ಹುಡುಗಿ ಎಲ್ಲವನ್ನೂ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು. ಬಣ್ಣದ ಕರಪತ್ರಗಳ ಕಟ್ಟು ಹೊತ್ತು ನಡೆದ ಬೇರೆಯವರಿಗಿಂತ ಅವಳ ಕೈಗೆ ಸಿಕ್ಕಿದ್ದೇ ಹೆಚ್ಚು.

ಪೊವಾಯಿಯ ಐಐಟಿಯದು ಬೇರೆ ಗಾಳಿ. ಜೆಇಇ ಫಲಿತಾಂಶದ ನಂತರ, ಸೀಟು ಆರಿಸಿಕೊಳ್ಳುವ ಹೊತ್ತಿಗೆ, ಅಲ್ಲಿ ಓಪನ್ ಹೌಸ್ ನಡೆಯುತ್ತದೆ. ಮಳೆಗಾಲ ಕಾಲಿಡುವ ಸಮಯ, ತಂದೆತಾಯಿಗಳ ಕೈಯಲ್ಲಿ ಕೊಡೆ, ಬಾಯಲ್ಲಿ ‘ಪ್ಯಾಕೇಜ್ ಎಷ್ಟು’ ಎಂಬ ಮಾತು. ಸಂಬಳದ ಅಂಕಿ ಪತ್ರಿಕೆಯಲ್ಲೇ ಸಿಗುತ್ತದೆ. ಇಂಗ್ಲಿಷಿನಲ್ಲಿ ತೊದಲುವ ಹುಡುಗನಿಗೆ ಮೊದಲ ಸೆಮಿಸ್ಟರಿನಲ್ಲಿ ಯಾರು ಕೈಹಿಡಿಯುತ್ತಾರೆ, ಹಿಂದೆ ಬಿದ್ದರೆ ಯಾರ ಬಾಗಿಲು ತಟ್ಟಬೇಕು ಎನ್ನುವುದನ್ನು ಅಲ್ಲಿನ ಎರಡನೇ ವರ್ಷದ ವಿದ್ಯಾರ್ಥಿಯನ್ನೇ ಕೇಳಬೇಕು. ಧಾರವಾಡದಲ್ಲಿ ಓದಿ ಬಂದ ನಂದನ್ ನಿಲೇಕಣಿ 1973ರಲ್ಲಿ ಈ ಐಐಟಿ ಸೇರಿದರು. ಸೇರಿ ಐವತ್ತು ವರ್ಷ ತುಂಬಿದಾಗ, 2023ರಲ್ಲಿ, ಅದಕ್ಕೆ 315 ಕೋಟಿ ರೂಪಾಯಿ ಕೊಟ್ಟರು. ಓದಿದ ಜಾಗದ ಋಣವನ್ನು ಅವರು ಅಷ್ಟು ದೊಡ್ಡದಾಗಿ ಎಣಿಸಿದರು.

ಕೊಲಾಬಾದಲ್ಲಿ ಮಧ್ಯಾಹ್ನದ ಹೊತ್ತಿಗೆ ಜನಸಂದಣಿ ಏರಿ, ಮ್ಯೂಆನ್ ಮೇಜಿನ ಮುಂದೆಯೂ ಒಂದು ಶಾಲೆಯ ಸಾಲು ಬಂತು. “ನಾಲ್ಕು ಗಂಟೆಯ ಮೇಲೆ ಬನ್ನಿ, ಆಗ ಕೂತು ಮಾತಾಡಬಹುದು” ಎಂದು ಸಂಶೋಧನಾ ವಿದ್ಯಾರ್ಥಿನಿ ಹೇಳಿದಳು. ತಂದೆ ಮಗಳು ಚೀಲದಿಂದ ಚಪಾತಿ ತೆಗೆದು ಉಂಡರು, ಹೆಬ್ಬಾರರ ಚಿತ್ರ ಯಾವ ಗೋಡೆಯಲ್ಲಿದೆ ಎಂದು ಸೆಕ್ಯುರಿಟಿಯವರನ್ನು ವಿಚಾರಿಸಿದರು. ನಾಲ್ಕಕ್ಕೆ ಸರಿಯಾಗಿ ಅದೇ ಮೇಜಿಗೆ ಬಂದಾಗ ಅಪ್ಪನ ಕೈಯಲ್ಲಿ ಎರಡು ಕಪ್ ಚಹಾ, ಒಂದು ಆ ವಿದ್ಯಾರ್ಥಿನಿಗೆ. ಮಗಳು ನೋಟ್‌ಬುಕ್ ಬಿಚ್ಚಿ ಕೇಳಿದಳು: “ದೀದಿ, ನೀವು ಹನ್ನೊಂದನೇ ಕ್ಲಾಸಿನಲ್ಲಿದ್ದಾಗ ಗಣಿತ ಅರ್ಥ ಆಗದಿದ್ರೆ ಏನು ಮಾಡ್ತಿದ್ರಿ?”

ವಿದ್ಯಾರ್ಥಿನಿ ಪಕ್ಕದ ಕುರ್ಚಿ ಎಳೆದು ಅವಳನ್ನು ಕೂರಿಸಿಕೊಂಡಳು.