ಗಾಲಿಯ ಮನೆಗೆ ಹನಿ ನೀರಿನ ಕಾಟ

ಬೇಸಿಗೆ ರಜೆ ಬಂತೆಂದರೆ ಅಮೆರಿಕದ ಹೆದ್ದಾರಿಗಳಲ್ಲಿ ಕಾರಿನ ಹಿಂದೆ ಪುಟ್ಟ ಮನೆಯನ್ನೇ ಕಟ್ಟಿಕೊಂಡು ಹೊರಡುವ ಸಂಸಾರಗಳು ಕಾಣುತ್ತವೆ. ಮಂಚ, ಗ್ಯಾಸ್ ಒಲೆ, ಕೆಲವದರಲ್ಲಿ ಬಚ್ಚಲೂ ಇರುವ ಇದೇ ಕ್ಯಾಂಪರ್ ಟ್ರೇಲರ್. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ ಇವುಗಳ ತಯಾರಿಕೆಯೇ ದೊಡ್ಡ ಉದ್ಯಮ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯದನ್ನು ಕೊಂಡವರು ಎಷ್ಟೋ ಸಲ ಗೋಡೆಯೊಳಗಿನ ಕೊಳೆತ ಮರವನ್ನೂ ಕೊಂಡಿರುತ್ತಾರೆ!

ಹೊರಗೆ ಅಲ್ಯುಮಿನಿಯಂ ತಗಡು, ಒಳಗೆ ತೆಳು ಪ್ಲೈವುಡ್, ನಡುವೆ ಮರದ ರೀಪುಗಳು. ಕಡಿಮೆ ಬೆಲೆಯ ಟ್ರೇಲರುಗಳ ಕಟ್ಟಣೆ ಸಾಮಾನ್ಯವಾಗಿ ಇಷ್ಟೇ. ತಗಡು ಹಿಡಿದಿಡಲು ಸಾಲುಸಾಲು ಸ್ಕ್ರೂ. ಕಿಟಕಿ, ದೀಪ, ಗವಾಕ್ಷಿಗೆಂದು ಕೊರೆದ ತೂತುಗಳು ಬೇರೆ. ರಸ್ತೆಯ ಕುಲುಕಾಟಕ್ಕೆ ಸ್ಕ್ರೂ ಸಡಿಲವಾಗುತ್ತದೆ. ಬಿಸಿಲಿಗೆ ಸಂದಿಯ ಅಂಟು ಬಿರಿಯುತ್ತದೆ. ಆಮೇಲೆ ಕೂದಲೆಳೆಯಷ್ಟು ಸಂದಿಯಾದರೂ ಸಾಕು, ಬತ್ತಿ ಎಣ್ಣೆ ಹೀರುವಂತೆ ನೀರು ಒಳಕ್ಕೆ ಏರುತ್ತದೆ. ಅದು ಹೊಕ್ಕ ಜಾಗ ಒಂದು, ಕಲೆ ಕಾಣುವ ಜಾಗ ಇನ್ನೊಂದು.

ಮರವನ್ನು ತಿನ್ನುವುದು ಶಿಲೀಂಧ್ರ. ಮರದ ತೇವಾಂಶ ಶೇ 20ಕ್ಕಿಂತ ಕೆಳಗಿದ್ದರೆ ಅದರ ಆಟ ನಡೆಯದು. ಶೇ 30ರ ಆಸುಪಾಸಿಗೆ ಏರಿದರೆ ಅದಕ್ಕೆ ಹಬ್ಬ. ಆದ್ದರಿಂದ ತಿಳಿದವರು ಕೊಳ್ಳುವ ಮೊದಲು ಎರಡು ಸೂಜಿಯ ತೇವಮಾಪಕವನ್ನು ಗೋಡೆಗೆ ಚುಚ್ಚಿ ನೋಡುತ್ತಾರೆ. ಒದ್ದೆ ಮರದಲ್ಲಿ ವಿದ್ಯುತ್ ಸರಾಗವಾಗಿ ಹರಿಯುತ್ತದೆ, ಗುಟ್ಟು ಅಷ್ಟೇ. ಮೀಟರ್ ಇಲ್ಲದವರು ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿದರೂ ಮೆತ್ತಗಾದದ್ದು ತಿಳಿಯುತ್ತದೆ.

ತೂತು ಪತ್ತೆಹಚ್ಚಲು ಇನ್ನೊಂದು ಉಪಾಯವಿದೆ. ಸೈಕಲ್ ಷಾಪಿನವನು ಟ್ಯೂಬನ್ನು ನೀರಿಗೆ ಅದ್ದಿ ಪಂಕ್ಚರ್ ಹುಡುಕುತ್ತಾನಲ್ಲ, ಅದೇ ತರ್ಕ. ಬಾಗಿಲು ಕಿಟಕಿ ಮುಚ್ಚಿ, ಫ್ಯಾನಿನಿಂದ ಒಳಕ್ಕೆ ಗಾಳಿ ತುಂಬಿ, ಹೊರಗೆ ಸಂದಿಗಳ ಮೇಲೆ ಸೋಪು ನೀರು ಬಳಿಯುತ್ತಾರೆ. ಗುಳ್ಳೆ ಎದ್ದಲ್ಲಿ ತೂತು!

ದುರಸ್ತಿಯಲ್ಲಿ ಅವಸರ ಕೂಡದು. ಹಳೆಯ ಅಂಟನ್ನು ಪೂರ್ತಿ ಕೆರೆದು, ಪಟ್ಟಿಯ ಅಡಿಗೆ ಬ್ಯೂಟೈಲ್ ರಬ್ಬರ್ ಟೇಪ್ ಇಟ್ಟು ಸ್ಕ್ರೂ ಬಿಗಿಯಬೇಕು. ಮೇಲಿನಿಂದ ಸಿಲಿಕೋನ್ ಮೆತ್ತಿ ಕೈತೊಳೆದುಕೊಂಡರೆ ಮುಂದೆ ಅದರ ಮೇಲೆ ಬೇರಾವ ಅಂಟೂ ಸರಿಯಾಗಿ ಹಿಡಿಯದು. ನಿಲ್ಲಿಸುವಾಗ ಒಂದು ತುದಿ ತುಸು ಎತ್ತರವಾಗಿದ್ದರೆ ಚಾವಣಿಯಲ್ಲಿ ನೀರು ನಿಲ್ಲುವುದಿಲ್ಲ.

ಮಳೆಯಿಲ್ಲದ ದಿನವೂ ಗೋಡೆ ಒದ್ದೆಯಾಗುವುದುಂಟು. ಅಲ್ಲಿ ಒಲೆಗೆ ಬಳಸುವುದು ಪ್ರೊಪೇನ್. ರಸಾಯನಶಾಸ್ತ್ರದ ಲೆಕ್ಕ ಮಾಡಿ ನೋಡಿ: 44 ಗ್ರಾಂ ಪ್ರೊಪೇನ್ ಉರಿದರೆ 72 ಗ್ರಾಂ ನೀರು. ಒಂದು ಕಿಲೋ ಗ್ಯಾಸಿಗೆ ಒಂದೂವರೆ ಲೀಟರಿಗೂ ಹೆಚ್ಚು! ಚಳಿಯೆಂದು ಎಲ್ಲ ಮುಚ್ಚಿಕೊಂಡು ಅಡುಗೆ ಮಾಡಿದರೆ ಈ ಆವಿ ತಣ್ಣನೆಯ ತಗಡಿಗೆ ತಗುಲಿ ಹನಿಗಟ್ಟುತ್ತದೆ. ವಿಷಾನಿಲದ ಭಯ ಬೇರೆ. ಒಲೆ ಉರಿಯುವಾಗ ಗವಾಕ್ಷಿ ತೆರೆದಿರಲೇಬೇಕು.